ವಳಸಂಗದ ರೇವಮ್ಮನ ಕಾರು

ಪುಣೆ
೧೨ ಜನವರಿ ೨೦೨೫

ಅಪ್ಪಾ,

ನಿಮಗೂ ಅವ್ವನಿಗೂ ನಮಸ್ಕಾರ. ಸಂಕ್ರಾಂತಿಗೆ ಬರಲಾಗುವುದಿಲ್ಲ ಎಂದು ಮೊನ್ನೆ ಫೋನಿನಲ್ಲಿ ಮೂರು ಸಲ ಹೇಳಿದೆ. ನೀವು ಮೂರು ಸಲವೂ 'ಹೂಂ, ಬಾ ಬಾ' ಎಂದಿರಿ. ಕೊನೆಗೆ ಅವ್ವ ಫೋನು ಕಸಿದುಕೊಂಡು, 'ಅವರ ಕಿವಿ ಭಾಳ ಮಂದ ಆಗ್ಯಾವ. ಮೊಬೈಲಿನ್ಯಾಗ ಬರದ್ರ ಅಕ್ಷರ ಸಣ್ಣವು ಅಂತಾರ. ನೀ ಒಂದು ಕಾಗದ ಬರದ ಹಾಕು, ಚಸ್ಮಾ ಹಾಕ್ಕೊಂಡು ಓದ್ಕೋತಾರ' ಎಂದಳು. ಏಳನೆಯ ಇಯತ್ತೆಯವರೆಗೆ ಹಟ ಹಿಡಿದು ಕನ್ನಡ ಸಾಲೆಗೆ ಹಾಕಿದವರು ನೀವು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬರೆಯಲು ಕಾರಣವೂ ಇದೆ. ನಮ್ಮ ಕಚೇರಿಯ ವರ್ಷದ ವರದಿ ಹೊರಬಂತು. ಯಾವ ದೇಶದಲ್ಲಿ ಎಷ್ಟು ವಿದ್ಯುತ್ ಕಾರು ಹೋದವು, ಎಷ್ಟು ಹೈಬ್ರಿಡ್ ಹೋದವು, ಯಾಕೆ ಏರಿತು, ಯಾಕೆ ಇಳಿಯಿತು ಎಂಬ ಅದೇ ವರದಿ. ಚೀನಾದಲ್ಲಿ ಈಗ ಕೊಳ್ಳುವ ಹೊಸ ಕಾರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಚಾರ್ಜಿಂಗ್ ವೈರು ಬೇಕು. ನಾರ್ವೆಯಲ್ಲಿ ಹತ್ತರಲ್ಲಿ ಒಂಬತ್ತು ವಿದ್ಯುತ್ತಿನವು. ಜರ್ಮನಿಯಲ್ಲಿ ಸರ್ಕಾರ ಸಹಾಯಧನ ನಿಲ್ಲಿಸಿದ್ದೇ ತಡ, ಮಾರಾಟ ಕಾಲುಭಾಗಕ್ಕಿಂತ ಹೆಚ್ಚು ಬಿದ್ದುಹೋಯಿತು. ಅಮೆರಿಕದವರು ಪೆಟ್ರೋಲೂ ಇರಲಿ, ಬ್ಯಾಟರಿಯೂ ಇರಲಿ ಎಂದು ಹೈಬ್ರಿಡ್ಡಿನ ಕಡೆ ವಾಲುತ್ತಿದ್ದಾರೆ. ನಮ್ಮ ದೇಶದಲ್ಲಿ ಇನ್ನೂ ನೂರಕ್ಕೆ ಎರಡೋ ಎರಡೂವರೆಯೋ.

ಆದರೆ ಭಾರತದ ಪುಟದಲ್ಲಿ ಒಂದು ಊರಿನ ಸುದ್ದಿಗೆಂದೇ ಒಂದು ಚೌಕ ಹಾಕಿದ್ದೇವೆ. ಅದನ್ನು ಬರೆದದ್ದು ನಾನು. ಯಾವ ಊರಿನದು ಹೇಳಿ? ಸೋಲಾಪುರದ್ದು. ದೀಪಾವಳಿಯ ಮೂರು ತಿಂಗಳಲ್ಲಿ ನಮ್ಮೂರಿನಲ್ಲಿ ನೋಂದಣಿಯಾದ ವಿದ್ಯುತ್ ಕಾರುಗಳು ಅದರ ಹಿಂದಿನ ಮೂರು ತಿಂಗಳಿಗಿಂತ ಎರಡೂವರೆ ಪಟ್ಟು. ಸ್ಟೇಷನ್ನಿನಿಂದ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋಗುವ ಯಾತ್ರಿಕರು ಬಹಳ, ಹೋಗಿಬರಲು ಒಂದೇ ಚಾರ್ಜು ಸಾಕಾಗುವ ದೂರ, ಅದಕ್ಕೇ ಟ್ಯಾಕ್ಸಿಯವರು ಕೊಳ್ಳುತ್ತಿರಬೇಕು ಎಂದು ಬರೆದೆ. ನಮ್ಮ ಮುಖ್ಯಸ್ಥ ಶೈಲೇಶ ಸರ್ ಅದನ್ನು ಓದಿ ಮೇಜು ತಟ್ಟಿದರು.

ಅಲ್ಲಿ ಬೀದಿಯಲ್ಲಿ ಏನು ಕಾಣುತ್ತದೆ? ಯಾರು ಕೊಳ್ಳುತ್ತಿದ್ದಾರೆ? ನೀವೇ ಆ ಶೋರೂಮಿನಲ್ಲಿ ಇರುವವರು. ಬರೆಯಿರಿ.

ನಿಮ್ಮ ಮಗಳು
ಅನುಜಾ


ಸೋಲಾಪುರ
೨೪ ಜನವರಿ ೨೦೨೫

ಚಿರಂಜೀವಿ ಅನುಜಾಳಿಗೆ ಅಪ್ಪ ಅವ್ವನ ಆಶೀರ್ವಾದ.

ಕಾಗದ ಮುಟ್ಟಿತು. ಎರಡು ಕಡೆ ಒತ್ತಕ್ಷರ ಬಿಟ್ಟಿದ್ದೀ, ಅದು ಬಿಟ್ಟರೆ ಚೆನ್ನಾಗಿದೆ. ನಿನ್ನ ಅವ್ವ ಅದನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದಾಳೆ.

ನಾನು ಈಗ ಶೋರೂಮಿನಲ್ಲಿ ಇಲ್ಲ. ದಸರೆಯಾದ ಮೇಲೆ ಸೋಮೇಶ ನನ್ನನ್ನು ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳ ನಡುವೆ ಇರುವ ಗೋದಾಮಿಗೆ ಕಳಿಸಿದ. ಗಿರಾಕಿ ಒಂದು ಕೇಳಿದರೆ ನಾನು ಇನ್ನೊಂದು ಹೇಳುತ್ತೇನೆ ಎಂಬುದು ಅವನ ದೂರು. ಸುಳ್ಳಲ್ಲ. ಗಿರಣಿ ಬಂದ್ ಆದ ವರ್ಷ ಕರೆದು ಕೆಲಸ ಕೊಟ್ಟ ರಾಚಪ್ಪನವರ ಮಗ ಅವನು. ಅಪ್ಪನ ಕಾಲದ ಸ್ಕೂಟರ್ ಏಜನ್ಸಿ ಮುಚ್ಚಿ ಈ ಕಾರುಗಳಿಗೆ ಕೈ ಹಾಕಿದಾಗ ಹಳಬರಲ್ಲಿ ನನ್ನೊಬ್ಬನನ್ನೇ ಉಳಿಸಿಕೊಂಡ. ಎಲ್ಲಿ ಕೂಡು ಎಂದರೆ ಅಲ್ಲಿ ಕೂಡಬೇಕು.

ಗೋದಾಮಿನಲ್ಲಿ ಕೂತವನಿಗೆ ಗಿರಾಕಿ ಕಾಣುವುದಿಲ್ಲ. ಶೋರೂಮಿನಲ್ಲಿದ್ದಾಗ ಕಂಡದ್ದನ್ನು ಹೇಳುತ್ತೇನೆ. ಬಂದವರು ಮೊದಲು ಕೇಳುವುದು, ಪುಣೆಯ ದಾರಿಯಲ್ಲಿ ಚಾರ್ಜು ಮುಗಿದರೆ ಏನು ಗತಿ ಎಂದು. ಎರಡನೆಯದು, ಹೈಬ್ರಿಡ್ ಇದೆಯೇ ಎಂದು. ನಮ್ಮಲ್ಲಿ ಇಲ್ಲ ಎಂದರೆ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅಕ್ಕಲಕೋಟೆಯ ಟ್ಯಾಕ್ಸಿಯವರು ಯಾರೂ ಬಂದ ನೆನಪಿಲ್ಲ. ಇರಬಹುದು, ನನಗೆ ಗೊತ್ತಿಲ್ಲ.

ಇಲ್ಲಿ ಕೆಲಸ ಹಗುರ. ಕಾರುಗಳಿಗೆ ಸರದಿಯಂತೆ ಚಾರ್ಜು ಹಚ್ಚಬೇಕು, ಇಲ್ಲದಿದ್ದರೆ ಬ್ಯಾಟರಿ ಸತ್ತುಹೋಗುತ್ತದಂತೆ. ರೇವಮ್ಮ ಎಂಬ ಹೆಣ್ಣುಮಗಳು ಕಸ ಹೊಡೆದು, ಕಾರು ಒರೆಸುತ್ತಾಳೆ. ಗಂಡ ಇಲ್ಲದವಳು. ವಳಸಂಗದಿಂದ ಎರಡು ಬಸ್ಸು ಬದಲಿಸಿ ಊರಿನ ಈ ತುದಿಗೆ ಬರುತ್ತಾಳೆ. ನನಗೆ ಕೇಳಿಸಲೆಂದು ಕಿವಿಯ ಹತ್ತಿರ ಬಂದು ಜೋರಾಗಿ ಮಾತಾಡುತ್ತಾಳೆ. ಅರವತ್ತೊಂದು ಕಾರುಗಳಿವೆ. ಬೆಳಿಗ್ಗೆ ಅವಳು ಒರೆಸಿ ಮುಗಿಸಿದಾಗ ಹಸಿರು ನಂಬರ್ ಪಾಟಿಗಳೆಲ್ಲ ಸಾಲಾಗಿ ಹೊಳೆಯುವುದು ನೋಡಲು ಚೆಂದ.

ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ಅಪ್ಪ
ನಾಗೇಶ


ಪುಣೆ
೪ ಫೆಬ್ರುವರಿ ೨೦೨೫

ಅಪ್ಪಾ,

ನಂಬರ್ ಪಾಟಿ ಹೇಗೆ ಬಂತು?

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಕಾರು ಮಾರಾಟವಾಗಿ, ಕೊಂಡವರ ಹೆಸರಿನಲ್ಲಿ ನೋಂದಣಿಯಾದ ಮೇಲಲ್ಲವೇ ನಂಬರು ಸಿಗುವುದು? ಮೂವತ್ತು ವರ್ಷ ಗಾಡಿಗಳ ಕಾಗದಪತ್ರ ಮಾಡಿದವರು ನೀವು, ನಿಮಗೆ ನಾನು ಹೇಳಬೇಕೇ? ಅರವತ್ತೊಂದು ಜನ ಹಣ ಕೊಟ್ಟು ಕಾರು ಕೊಂಡು, ಅದನ್ನು ಎಂಐಡಿಸಿಯ ತಗಡಿನ ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದಾರೆಯೇ?

ಇನ್ನೊಂದು. ಹಸಿರು ಪಾಟಿಯ ಮೇಲೆ ಅಕ್ಷರ ಬಿಳಿಯವೋ ಹಳದಿಯವೋ? ಟ್ಯಾಕ್ಸಿಗಾದರೆ ಹಳದಿ ಇರಬೇಕು.

ಕಚೇರಿಗೆಂದು ಕೇಳುತ್ತಿಲ್ಲ. ನನಗಾಗಿ ಕೇಳುತ್ತಿದ್ದೇನೆ.

ಅನುಜಾ


ಸೋಲಾಪುರ
೨೦ ಫೆಬ್ರುವರಿ ೨೦೨೫

ಚಿ. ಅನುಜಾಳಿಗೆ ಆಶೀರ್ವಾದ.

ಅಕ್ಷರ ಬಿಳಿಯವು.

ಸೋಮೇಶ ಕಳೆದ ವಾರ ಗೋದಾಮಿಗೆ ಬಂದಿದ್ದ. ಕೈಯಲ್ಲಿ ನಿಮ್ಮ ವರದಿಯ ಆ ಪುಟ. ಕಾರು ಕಂಪನಿಯ ಮುಂಬಯಿಯ ಸಾಹೇಬರು ಅವನಿಗೆ ಕಳಿಸಿದ್ದಂತೆ. 'ಕಾಕಾ, ನೋಡ್ರಿ, ನಮ್ಮ ಅನುಜಾ ಬರದಾಳ! ಸೋಲಾಪುರದ ಹೆಸರು ಜಗತ್ತಿನ ರಿಪೋರ್ಟಿನ್ಯಾಗ ಬಂದೈತಿ' ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದ. ನಕ್ಕ. ಆಮೇಲೆ ಅಲ್ಲಿಯ ಒಂದು ಕಾರಿನ ಮೇಲೆ ಕೈಯೂರಿ ಉಳಿದದ್ದನ್ನೂ ಹೇಳಿದ. ಊರು ಇಷ್ಟು ಮುಂದಿದ್ದರೆ ಮಾರ್ಚಿನೊಳಗೆ ಇನ್ನೂ ನಲವತ್ತು ಮಾರಬೇಕು, ಇಲ್ಲದಿದ್ದರೆ ಏಜನ್ಸಿ ಬೇರೆಯವರಿಗೆ ಎಂದು ಆ ಸಾಹೇಬರು ಬರೆದಿದ್ದಾರೆ.

ನೀನು ತಿಳಿಯದೆ ಬರೆದದ್ದು. ಆದರೂ ಇನ್ನು ಸೋಲಾಪುರದ ಬಗ್ಗೆ ಬರೆಯಬೇಡ. ನನ್ನನ್ನೂ ಕೇಳಬೇಡ.

ಯುಗಾದಿ ಪಾಡವಿಗೆ ಬಾ. ನಿನ್ನ ಅವ್ವ ಹೋಳಿಗೆಗೆ ಈಗಲೇ ಬೇಳೆ ಹಸನು ಮಾಡುತ್ತಿದ್ದಾಳೆ.

ನಿನ್ನ ಅಪ್ಪ
ನಾಗೇಶ


ಪುಣೆ
೩ ಏಪ್ರಿಲ್ ೨೦೨೫

ಅಪ್ಪಾ,

ಎರಡು ದಿನ ಮನೆಯಲ್ಲಿದ್ದೆ. ಹೋಳಿಗೆಯ ಬಗ್ಗೆ ಮಾತಾಡಿದೆವು, ಬಿಸಿಲಿನ ಬಗ್ಗೆ, ಅಕ್ಕಲಕೋಟೆಯ ಅಜ್ಜಿಯ ಮನೆಯನ್ನು ಈಗ ಯಾರು ಕೊಂಡಿದ್ದಾರೆ ಎಂಬುದರ ಬಗ್ಗೆ ಮಾತಾಡಿದೆವು. ನಾನು ಬಾಯಿ ತೆರೆದಾಗೆಲ್ಲ ನೀವು ಕಿವಿ ಮುಟ್ಟಿ ತೋರಿಸಿ ಎದ್ದು ಹೋದಿರಿ. ನಿಮಗೆ ಕೇಳಿಸಿತ್ತು ಎಂದು ನನಗೆ ಗೊತ್ತು.

ಬರುವಾಗ ಪುಣೆಯ ಬಸ್ಸಿನಿಂದ ಚಿಂಚೋಳಿಯಲ್ಲಿ ಇಳಿದುಬಿಟ್ಟೆ. ಗೋದಾಮಿನ ಗೇಟಿಗೆ ಬೀಗ ಹಾಕಿತ್ತು. ಸರಳುಗಳ ನಡುವಿನಿಂದ ಮುಂದಿನ ಸಾಲು ಕಾಣುತ್ತಿತ್ತು. ಐದು ನಂಬರು ಬರೆದುಕೊಂಡೆ. ಗಾಡಿಯ ನಂಬರು ಹಾಕಿದರೆ ಯಾರದೆಂದು ತೋರಿಸುವ ಆ್ಯಪು ಇದೆ. ಹೆಸರಿನ ಕೆಲವು ಅಕ್ಷರಗಳನ್ನು ಮುಚ್ಚಿ ತೋರಿಸುತ್ತದೆ. ಮುಚ್ಚಿದರೇನು, ಅಪ್ಪನ ಹೆಸರು ಮಗಳಿಗೆ ತಿಳಿಯುವುದಿಲ್ಲವೇ?

ಐದರಲ್ಲಿ ಎರಡು ನಿಮ್ಮವು.

ಇಷ್ಟು ವರ್ಷ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋದ ನನ್ನ ಅಪ್ಪನಿಗೆ ಎರಡು ಕಾರುಗಳಿವೆ. ಬಸ್‌ಸ್ಟಾಪಿನಲ್ಲಿ ನಿಂತು ಮೊದಲು ನಗು ಬಂತು. ಆಮೇಲೆ ಎರಡು ಬಸ್ಸು ಬಂದರೂ ಹತ್ತಲಿಲ್ಲ.

ಇನ್ನು ಕಿವಿ ಮುಟ್ಟಿ ತೋರಿಸಬೇಡಿ. ಇದು ಕಾಗದ.

ಅನುಜಾ


ಸೋಲಾಪುರ
೧೬ ಏಪ್ರಿಲ್ ೨೦೨೫

ಚಿ. ಅನುಜಾಳಿಗೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ನಿನ್ನ ಅವ್ವನಿಗೂ ನಿನ್ನೆ ಎಲ್ಲವನ್ನೂ ಹೇಳಿದೆ.

ಕಂಪನಿ ಮೂರು ತಿಂಗಳಿಗೊಮ್ಮೆ ಇಷ್ಟು ಕಾರು ಎಂದು ಗೊತ್ತು ಮಾಡುತ್ತದೆ. ದೀಪಾವಳಿಯಲ್ಲಿ ಅದರ ಅರ್ಧವೂ ಹೋಗಲಿಲ್ಲ. ಸೋಮೇಶ ಬಂದು, 'ಕಾಕಾ, ಎರಡು ತಿಂಗಳ ಮಾತು. ಸ್ಟಾಫಿನವರ ಹೆಸರ್ಲೆ ನೋಂದಣಿ ಮಾಡೂಣು. ಗಿರಾಕಿ ಬಂದಂಗ ಅವರ ಹೆಸರಿಗೆ ಬದಲ ಮಾಡಿ ಕೊಡೂಣು. ಎಲ್ಲಾ ಊರಾಗೂ ಹಿಂಗ ಮಾಡ್ತಾರ' ಎಂದ. ವಿದ್ಯುತ್ ಕಾರಿಗೆ ರಸ್ತೆ ತೆರಿಗೆಯೂ ಇಲ್ಲವಲ್ಲ, ಖರ್ಚು ಕಡಿಮೆ. ಕಾಗದ ಮಾಡುವ ಕೈ ನನ್ನದು. ಮೊದಲು ನನ್ನ ಹೆಸರೇ ಹಾಕಿದೆ. ತನ್ನ ಹೆಸರು ಮೊದಲು ಹಾಕಿದವನು ಅನ್ಯಾಯ ಮಾಡುತ್ತಿಲ್ಲ ಎಂದು ಆಗ ಅನ್ನಿಸಿತ್ತು. ಆಮೇಲೆ ಮೆಕ್ಯಾನಿಕ್ಕುಗಳು, ವಾಚಮನ್ ಧರ್ಮರಾಜ, ಅವನ ತಮ್ಮ. ಅವರೆಲ್ಲರಿಗೂ ಏನೆಂದು ಗೊತ್ತಿತ್ತು, ಒಪ್ಪಿಕೊಂಡರು. ಗೊತ್ತಿಲ್ಲದವಳು ಒಬ್ಬಳೇ.

ರೇವಮ್ಮನಿಗೆ ಆಧಾರ್ ಕಾರ್ಡಿನ ಝೆರಾಕ್ಸ್ ತಾ ಎಂದು ಹೇಳಿದ್ದು ನಾನು. ಯಾಕ್ರೀ ಎಂದಳು. ಪಗಾರ ಬ್ಯಾಂಕಿಗೆ ಹಾಕಲಿಕ್ಕೆ ಎಂದೆ. ಅವಳಿಗೆ ಓದಲು ಬಾರದು. ಮೂರು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಬಟ್ಟೆಗೆ ಶಾಯಿ ಹತ್ತೀತೆಂದು ಬೆರಳು ಒರೆಸಿಕೊಳ್ಳಲು ನನ್ನ ಕರವಸ್ತ್ರವನ್ನೇ ಕೊಟ್ಟೆ. ಉಳಿದದ್ದನ್ನೆಲ್ಲ ಶೋರೂಮಿನವರು ಮುಗಿಸಿದರು.

ಫೆಬ್ರುವರಿಯಲ್ಲಿ ವಳಸಂಗದ ಅವಳ ಮನೆಗೆ ಅಂಗನವಾಡಿಯ ಹೆಣ್ಣುಮಗಳು ಒಂದು ಯಾದಿ ಹಿಡಿದು ಹೋದಳು. ಬಡ ಹೆಣ್ಣುಮಕ್ಕಳಿಗೆ ಸರ್ಕಾರ ತಿಂಗಳಿಗಿಷ್ಟು ಕೊಡುವ ಲಾಡಕಿ ಬಹೀಣ ಯೋಜನೆಯ ಹಣ ಬರುತ್ತಿರುವ ಮನೆಗಳಲ್ಲಿ ಯಾರ ಹೆಸರಿಗೆ ನಾಲ್ಕು ಗಾಲಿಯ ಗಾಡಿ ಇದೆ ಎಂದು ತಪಾಸಣೆ, ಗಾಡಿ ಇದ್ದರೆ ಹಣ ಬಂದ್. ಯಾದಿಯಲ್ಲಿ ರೇವಮ್ಮನ ಹೆಸರಿತ್ತು. ಮರುದಿನ ಅವಳು ಬಂದಾಗ ನಾನು ಚಾರ್ಜಿಂಗ್ ವೈರು ಸುತ್ತುತ್ತಿದ್ದೆ. ಕಿವಿಯ ಹತ್ತಿರ ಬಂದು ಎಂದಿನಂತೆ ಜೋರಾಗಿ ಕೇಳಿದಳು:

'ಅಣ್ಣಾರ, ನನ್ನ ಹೆಸರ್ಲೆ ಕಾರ್ ಐತಂತ. ಓಣಿ ಮಂದಿ ಎಲ್ಲಾ ನಗಾಕತ್ತಾರ. ರೇವವ್ವ ಕಾರ್ ತಗೊಂಡು ಗುಡಿಸಲ ಹಿಂದ ಮುಚ್ಚಿಟ್ಟಾಳ ಅಂತಾರ. ಖರೇನ್ರಿ ಅದು?'

ನಾನು ವೈರು ಕೆಳಗಿಟ್ಟೆ.

'ಇದ್ರ ಒಮ್ಮಿ ತೋರಸ್ರಿ.'

ಕರೆದುಕೊಂಡು ಹೋಗಿ ತೋರಿಸಿದೆ. ಎರಡನೆಯ ಸಾಲಿನಲ್ಲಿ ಗೋಡೆಯ ಕಡೆಯದು, ಬಿಳಿಯ ಬಣ್ಣದ್ದು. ಅದರ ಸುತ್ತ ಒಂದು ಸುತ್ತು ಬಂದಳು. ಗಾಜಿಗೆ ಮುಖ ಹಚ್ಚಿ ಒಳಗೆ ನೋಡಿದಳು.

'ಇದನ್ನ ನಾ ದಿನಾ ಒರಸೂದಲ್ರೀ?' ಎಂದಳು.

'ಹೌದು' ಎಂದೆ.

'ನನ್ನ ಕೈಲೆ ನನ್ನ ಕಾರ್ ಒರಸಿಸಿದ್ರಿ. ನನಗ ಹೇಳಲಿಲ್ಲ.'

ಅಷ್ಟೇ ಅಂದದ್ದು. ಬಕೆಟ್ಟು ತೆಗೆದುಕೊಂಡು ಕೆಲಸಕ್ಕೆ ಹೋದಳು. ಅಂದಿನಿಂದ ಅರವತ್ತು ಕಾರು ಒರೆಸುತ್ತಾಳೆ. ಆ ಒಂದನ್ನು ಮುಟ್ಟುವುದಿಲ್ಲ. ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಅದನ್ನೂ ದೂರದಿಂದಲೇ ಹೇಳುತ್ತಾಳೆ, ನನಗೆ ಕೇಳಿಸುವುದಿಲ್ಲ.

ಅವಳ ತಿಂಗಳ ಹಣ ನಿಂತಿದೆ. ರೇಷನ್ ಕಾರ್ಡಿನ ಬಗ್ಗೆಯೂ ವಿಚಾರಣೆ ಎಂದಿದ್ದಾರಂತೆ. ನಾನು ನನ್ನ ಪಗಾರದಲ್ಲಿ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

ನಿನ್ನ ಅಪ್ಪ
ನಾಗೇಶ


ಪುಣೆ
೧ ಮೇ ೨೦೨೫

ಅಪ್ಪಾ,

ಎರಡು ವಾರ ನಿಮ್ಮ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಾಡಿದೆ. ಸಿಟ್ಟಿನಿಂದ ಬರೆದ ಎರಡು ಕಾಗದ ಹರಿದು ಹಾಕಿದ್ದೇನೆ.

ನಿಮ್ಮ ಮೇಲೆ ಸಿಟ್ಟು ಮಾಡಲು ಕೂತಾಗಲೆಲ್ಲ ನಾನು ಬರೆದ ಆ ಚೌಕ ಕಣ್ಣಿಗೆ ಬರುತ್ತದೆ. ಅಕ್ಕಲಕೋಟೆಯ ಟ್ಯಾಕ್ಸಿಯವರು ಕೊಳ್ಳುತ್ತಿರಬೇಕು ಎಂದು ನಿಮಗೆ ಹೇಳಿದ್ದೆ. ವರದಿಯಲ್ಲಿ 'ಇರಬೇಕು' ಎಂದು ಬರೆದಿಲ್ಲ ಅಪ್ಪಾ. 'ಕೊಳ್ಳುತ್ತಿದ್ದಾರೆ' ಎಂದು ಬರೆದಿದ್ದೇನೆ. ಯಾರನ್ನೂ ಕೇಳಿರಲಿಲ್ಲ. ಅಂಕಿ ಏರಿತ್ತು, ಏರಿದ್ದಕ್ಕೆ ಒಂದು ಕಾರಣ ಬೇಕಿತ್ತು, ನನ್ನ ಊರಿನ ಕಾರಣವಾದರೆ ಹೆಮ್ಮೆ ಎನಿಸಿತು. ಅದನ್ನು ಓದಿ ಕಂಪನಿಯವರು ಇನ್ನೂ ನಲವತ್ತು ಎಂದರು. ಆ ನಲವತ್ತು ಯಾರ ಯಾರ ಹೆಸರಿಗೆ ಹೋದವು? ಕೇಳಲು ಹೆದರಿಕೆಯಾಗುತ್ತದೆ.

ಶೈಲೇಶ ಸರ್ ಅವರಿಗೆ ಹೇಳಿದೆ, ಯಾರ ಹೆಸರನ್ನೂ ಎತ್ತದೆ. 'ಕಳೆದ ವರ್ಷ ಜಗತ್ತಿನಲ್ಲಿ ಒಂದು ಕೋಟಿ ಎಪ್ಪತ್ತು ಲಕ್ಷ ಹೋಗಿವೆ. ಅದರಲ್ಲಿ ನಿನ್ನ ಅರವತ್ತೊಂದು ಎಲ್ಲಿ ಕಾಣುತ್ತವೆ? ಜರ್ಮನಿಯಲ್ಲೂ ಡೀಲರುಗಳು ತಮ್ಮ ಹೆಸರಿಗೆ ತಾವೇ ನೋಂದಣಿ ಮಾಡಿಕೊಳ್ಳುತ್ತಾರೆ' ಎಂದರು. ಅವರು ಹೇಳಿದ್ದು ನಿಜ. ಆದರೆ ಅಲ್ಲಿ ತಮ್ಮ ಹೆಸರಿಗೆ ಮಾಡಿಕೊಳ್ಳುತ್ತಾರೆ.

ಚೌಕ ತಪ್ಪು ಎಂದು ಜೂನಿನ ಅರ್ಧವರ್ಷದ ವರದಿಯಲ್ಲಿ ಬರೆಯಬೇಕೆಂದಿದ್ದೇನೆ. ಹೇಗೆ ತಿಳಿಯಿತು ಎಂದು ಕೇಳುತ್ತಾರೆ. ನಿಮ್ಮ ಹೆಸರು ಹೇಳಬೇಕಾಗುತ್ತದೆ. ಹೇಳಲೇ?

ಅನುಜಾ


ಸೋಲಾಪುರ
೨೨ ಮೇ ೨೦೨೫

ಚಿ. ಅನುಜಾಳಿಗೆ ಆಶೀರ್ವಾದ.

ಹೇಳು ಎನ್ನಲೋ ಬೇಡ ಎನ್ನಲೋ ತಿಳಿಯದೆ ಸೋಮೇಶನ ಹತ್ತಿರ ಹೋದೆ. ರೇವಮ್ಮನ ಹೆಸರಿನದನ್ನಾದರೂ ಬದಲಿಸು ಎಂದು ಕೇಳಿಕೊಂಡೆ. 'ನಡೀರಿ ಕಾಕಾ, ಅಪ್ಪಾರ್ನ ನೋಡಿ ಬರೂಣು' ಎಂದು ಕಾರಿನಲ್ಲಿ ಕೂಡಿಸಿಕೊಂಡ. ರಾಚಪ್ಪನವರು ಈಗ ಅಕ್ಕಲಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ.

ಈ ಕಾರುಗಳಲ್ಲಿ ಸಪ್ಪಳವಿಲ್ಲ. ಬಸ್ಸಿನಲ್ಲಿ ಪಕ್ಕದವರ ಒಂದು ಮಾತೂ ಕೇಳದ ನನಗೆ ಅವನು ಅಂದದ್ದೆಲ್ಲ ಕೇಳಿಸಿತು. ಬೈಯಲಿಲ್ಲ. ರಸ್ತೆ ನೋಡುತ್ತ ಮೆತ್ತಗೆ ಮಾತಾಡಿದ. 'ಕಾಕಾ, ನಾ ಕಳ್ಳ ಅಲ್ರಿ. ಇದರ ಕಾಲ ಬರ್ತೈತಿ ಅಂತ ಎಲ್ಲಾರೂ ಹೇಳಿದ್ರು, ನಂಬಿ ಕೈ ಹಾಕಿದೆ. ಕಾಲ ಬರ್ತೈತಿ, ಸುಳ್ಳಲ್ಲ. ಖರೆ ನಾ ಭಾಳ ಲಗೂ ಬಂದು ನಿಂತೀನಿ. ಏಜನ್ಸಿ ಹೋದ್ರ ಮೂವತ್ತು ಮಂದಿ ಮನ್ಯಾಗ ಕುಂಡ್ರತಾರ.' ಸ್ವಲ್ಪ ಹೊತ್ತಿನ ಮೇಲೆ, 'ಎಲ್ಲಾ ಕಾಗದದ ಮ್ಯಾಲೆ ಸಹಿ ನಿಮ್ಮದೈತಿ. ನನ್ನದು ಎಲ್ಲೂ ಇಲ್ಲ. ನಾ ಹೆದರಸಾಕತ್ತಿಲ್ಲ, ನೆನಪ ಮಾಡಾಕತ್ತೀನಿ' ಎಂದ.

ವಳಸಂಗಕ್ಕೆ ದಾರಿ ಒಡೆಯುವ ಫಾಟಾದಲ್ಲಿ ಬೇವಿನ ಮರದ ಕೆಳಗೆ ರೇವಮ್ಮ ಬಸ್ಸಿಗೆ ನಿಂತಿದ್ದಳು. ಅಂದು ಅವಳ ರಜೆ. ಕೈಯಲ್ಲಿ ಒಂದು ಫೈಲು. ನಿಂತ ಹಣಕ್ಕಾಗಿ ತಹಸೀಲ ಕಚೇರಿಗೆ ಹೊರಟಿದ್ದಳೆಂದು ನನಗೆ ಗೊತ್ತಾಯಿತು. ಸೋಮೇಶನಿಗೆ ಅವಳ ಗುರುತೇ ಸಿಗಲಿಲ್ಲ. ನಿಲ್ಲಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮರ ಹಿಂದೆ ಹೋಗಿತ್ತು.

ರಾಚಪ್ಪನವರು ಹಾಸಿಗೆ ಹಿಡಿದಿದ್ದಾರೆ. ನನ್ನನ್ನು ಕಂಡು ಮುಖ ಅರಳಿತು. 'ನಾಗೇಶ, ಗಾಡಿ ಹೊಂಟಾವೇನೋ?' ಎಂದು ಕೇಳಿದರು. ಸ್ಕೂಟರಿನ ಕಾಲದಲ್ಲೂ ದಿನಾ ಸಂಜೆ ಅದನ್ನೇ ಕೇಳುತ್ತಿದ್ದರು. ಸೋಮೇಶ ಕಿಟಕಿಯ ಕಡೆ ನೋಡುತ್ತ ನಿಂತಿದ್ದ. 'ಹೊಂಟಾವ್ರಿ. ಚಲೋ ಹೊಂಟಾವ' ಎಂದೆ. ಅವರು ನನ್ನ ಕೈ ಹಿಡಿದು, 'ನೀ ಇದ್ದೀ ಅಂತ ನನಗ ನಿದ್ದಿ ಬರ್ತೈತಿ' ಎಂದರು.

ಮನೆಗೆ ಬಂದು ನಿನ್ನ ಅವ್ವನ ಮುಂದೆ ಇದನ್ನು ಹೇಳಿದೆ. ಅವಳು ತಟ್ಟೆ ಹಾಕಿ ಬಡಿಸಿ, ತಾನು ಊಟಕ್ಕೆ ಕೂಡಲಿಲ್ಲ. 'ಮುದುಕರ ಮುಂದ ಸುಳ್ಳ ಹೇಳಿದ್ರಿ, ಇರಲಿ. ಆ ಹೆಣಮಗಳು ಬಿಸಿಲಾಗ ನಿಂತಿದ್ದಳಲ್ಲ, ಆಕಿ ಮುಂದ ಕಾರಿನ್ಯಾಗ ಹೆಂಗ ಹಾದು ಹೋದ್ರಿ?' ಎಂದಳು.

ನನ್ನ ಹೆಸರು ಹೇಳಬೇಡ ಎಂದು ಬರೆಯಲೆಂದೇ ಈ ಕಾಗದ ಸುರು ಮಾಡಿದ್ದೆ. ಬರೆಯಲು ಆಗುತ್ತಿಲ್ಲ. ಹೇಳು ಎಂದೂ ಬರೆಯಲು ಆಗುತ್ತಿಲ್ಲ.

ನಿನ್ನ ಅಪ್ಪ
ನಾಗೇಶ


ಪುಣೆ
೨೯ ಜೂನ್ ೨೦೨೫

ಅಪ್ಪಾ,

ಒಂದು ತಿಂಗಳಾಯಿತು, ನಿಮ್ಮ ಇನ್ನೊಂದು ಕಾಗದ ಬರುತ್ತದೆಂದು ಕಾಯ್ದೆ. ಬರಲಿಲ್ಲ. ವರದಿ ಅಚ್ಚಿಗೆ ಹೋಗುವ ದಿನ ಬಂತು. ನಿಮ್ಮ ಹೆಸರು ಹೇಳಲಿಲ್ಲ. ಟ್ಯಾಕ್ಸಿಯ ಮಾತನ್ನು ನಾನು ವಿಚಾರಿಸದೆ ಬರೆದೆ, ಅದು ನನ್ನ ತಪ್ಪು ಎಂದು ಮಾತ್ರ ಬರೆದುಕೊಟ್ಟೆ. ಸೋಲಾಪುರದ ಚೌಕ ಹೋಯಿತು. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಒಂದು ನಗರದ ಅಂಕಿಗಳನ್ನು ಪರಿಶೀಲನೆಗಾಗಿ ಕೈಬಿಟ್ಟಿದೆ' ಎಂದು ಒಂದು ಸಾಲು. ಯಾವ ನಗರ ಎಂದೂ ಇಲ್ಲ. ಭಾರತದ ಪುಟವನ್ನು ಈಗ ಬೇರೆಯವರಿಗೆ ಕೊಟ್ಟಿದ್ದಾರೆ. ನನಗೆ ಚೀನಾದ ಸುದ್ದಿ ಓದಿ ಟಿಪ್ಪಣಿ ಮಾಡುವ ಕೆಲಸ.

ಅಲ್ಲಿಯೂ ಈಗ ಇದೇ ಗದ್ದಲ ಎದ್ದಿದೆ. ನೋಂದಣಿಯಾಗಿ, ಒಂದು ಕಿಲೋಮೀಟರೂ ಓಡದೆ, 'ಹಳೆಯ' ಕಾರು ಎಂದು ಮಾರಾಟಕ್ಕೆ ಬರುವ ಕಾರುಗಳು. ಸುದ್ದಿಯಲ್ಲಿ ಬರೀ ಸಂಖ್ಯೆಗಳಿವೆ. ಅಲ್ಲಿಯೂ ಯಾರಾದರೂ ಒಬ್ಬ ಗುಮಾಸ್ತ, ಯಾರಾದರೂ ಒಬ್ಬಳು ಕಸ ಗುಡಿಸುವವಳು ಇದ್ದಾರೆಯೋ ಏನೋ ಎಂದು ಓದುತ್ತಾ ಕೂರುತ್ತೇನೆ.

ಸಣ್ಣ ಅಕ್ಷರದ ಒಂದು ಸಾಲು ಬರೆಸಿ ನನ್ನದು ಮುಗಿಯಿತು ಎಂದುಕೊಳ್ಳಲು ಹೊರಟಿದ್ದೆ. ಅದರಿಂದ ರೇವಮ್ಮನಿಗೆ ಏನೂ ಆಗಲಿಲ್ಲ. ನೀವು ಏನು ಮಾಡಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅಪ್ಪಾ, ಅವಳಿಗೆ ಅರ್ಜಿ ಬರೆದುಕೊಡುವವರು ಯಾರಿದ್ದಾರೆ?

ಅನುಜಾ


ಸೋಲಾಪುರ
೧೦ ಆಗಸ್ಟ್ ೨೦೨೫

ಚಿ. ಅನುಜಾಳಿಗೆ ಅಪ್ಪ ಅವ್ವನ ಆಶೀರ್ವಾದ.

ನಿನ್ನ ಕಾಗದ ಬಂದ ಮೇಲೆ ನಾಲ್ಕು ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಐದನೆಯ ದಿನ ಹೋಗಿ ಸೋಮೇಶನಿಗೆ ಗೋದಾಮಿನ ಕೀಲಿಕೈ ಕೊಟ್ಟೆ. ರೇವಮ್ಮನಿಗೆ ನಿಜ ಬರೆದುಕೊಡುವವನಿದ್ದೇನೆ ಎಂದು ಮುಖ ನೋಡಿ ಹೇಳಿದೆ. ಅವನು ಮೇಜಿನ ಮೇಲಿನ ಕೀಲಿಕೈಯನ್ನು ಮುಟ್ಟಲೂ ಇಲ್ಲ, ಕೂಡ್ರಿ ಎಂದೂ ಹೇಳಲಿಲ್ಲ. ಬಾಗಿಲ ತನಕ ಬಂದಾಗ, 'ಅಪ್ಪಾರಿಗೆ ಹೇಳಬ್ಯಾಡ್ರಿ' ಎಂದ. ಹೇಳುವುದಿಲ್ಲ ಎಂದೆ.

ಮರುದಿನ ವಳಸಂ​ಗಕ್ಕೆ ಹೋದೆ. ರೇವಮ್ಮ ಹೊಸ್ತಿಲಲ್ಲಿ ನಿಂತಳು, ಒಳಗೆ ಬರ್ರಿ ಎನ್ನಲಿಲ್ಲ. ಗೋದಾಮಿನ ಕೆಲಸ ಅವಳೂ ಜೂನಿನಲ್ಲೇ ಬಿಟ್ಟಿದ್ದಾಳೆ. ಮೂರು ಸಲ ತಹಸೀಲ ಕಚೇರಿಗೆ ಹೋಗಿ ಬಂದಿದ್ದಳಂತೆ. ಕಾರು ನಿನ್ನದಲ್ಲ ಎಂಬುದಕ್ಕೆ ಏನಾದರೂ ಬರವಣಿಗೆ ತಾ ಎಂದು ಕೇಳಿದರೆ ಅವಳ ಹತ್ತಿರ ಏನಿರುತ್ತದೆ? ನಾನು ಬಂದು ಬರೆದುಕೊಡುತ್ತೇನೆ ಎಂದೆ. 'ಸೋಮವಾರ ಬರ್ತೀನಿ. ನೀವು ನಿಮ್ಮಷ್ಟಕ್ಕ ಬರ್ರಿ' ಎಂದಳು.

ಸೋಮವಾರ ಕಚೇರಿಯ ಮುಂದೆ ಸಾಲು ಉದ್ದವಿತ್ತು. ಅವಳ ಅರ್ಜಿ ಒಂದು ಹಾಳೆ, ಅದರ ಹಿಂದೆ ನನ್ನ ಹೇಳಿಕೆ ಎರಡು ಹಾಳೆ, ಎಲ್ಲ ಮರಾಠಿಯಲ್ಲಿ, ನನ್ನ ಕೈಯಾರೆ ಬರೆದದ್ದು. ಮೂರು ರಾತ್ರಿ ಕೂತು ತಿದ್ದಿದ್ದೆ. ಶಾಯಿಯ ಡಬ್ಬಿ ತೆಗೆದು, 'ಇಲ್ಲಿ ಹೆಬ್ಬೆಟ್ಟು ಒತ್ತಬೇಕು ರೇವಮ್ಮ' ಎಂದೆ.

ಅವಳು ಒತ್ತಲಿಲ್ಲ. ಕಾಗದಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ತಿರುಗಿ, ಸಾಲಿನಲ್ಲಿ ನಿಂತಿದ್ದ ಒಬ್ಬ ತರುಣಿಯ ಕೈಗೆ ಕೊಟ್ಟಳು. 'ಯವ್ವಾ, ಇದರಾಗ ಏನೇನ ಬರದೈತಿ, ಪೂರಾ ಓದಿ ಕನ್ನಡದಾಗ ಹೇಳವಾ' ಎಂದಳು. ಆ ತರುಣಿ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಒಂದೊಂದು ಸಾಲು ಓದಿ ಒಂದೊಂದನ್ನು ಹೇಳುತ್ತ ಹೋದಳು. ನನಗೂ ಕೇಳಿಸಬೇಕೆಂದೋ ಏನೋ, ಜೋರಾಗಿಯೇ ಓದಿದಳು. ಈ ಹೆಣ್ಣುಮಗಳ ನಿರಕ್ಷರತೆಯ ದುರುಪಯೋಗ ಮಾಡಿದ್ದೇನೆ, ಸುಳ್ಳು ಕಾರಣ ಹೇಳಿ ಹೆಬ್ಬೆಟ್ಟು ಪಡೆದಿದ್ದೇನೆ, ಕಾರಿಗೂ ಇವಳಿಗೂ ಸಂಬಂಧವಿಲ್ಲ, ಇದಕ್ಕೆ ಆಗುವ ಶಿಕ್ಷೆಗೆ ನಾನು ಸಿದ್ಧ. ಸಾಲಿನಲ್ಲಿದ್ದವರು ಮಾತು ನಿಲ್ಲಿಸಿ ಕೇಳುತ್ತಿದ್ದರು.

'ಇಷ್ಟನ ಐತೇನು?' ರೇವಮ್ಮ ಕೇಳಿದಳು.

'ಇಷ್ಟ ಐತ್ರಿ, ಮಾವಶಿ.'

'ಆ ನಂಬರ ಕೇಳಿದ್ದು ಬರದಾರೇನು?'

ತರುಣಿ ಎರಡೂ ಹಾಳೆ ತಿರುವಿ ನೋಡಿ ಇಲ್ಲ ಎಂದಳು.

ಅನುಜಾ, ಅದನ್ನು ಏಪ್ರಿಲಿನ ಕಾಗದದಲ್ಲಿ ನಿನಗೂ ಬರೆದಿರಲಿಲ್ಲ. ಉಳಿದದ್ದನ್ನು ಶೋರೂಮಿನವರು ಮುಗಿಸಿದರು ಎಂದು ಬರೆದು ದಾಟಿಸಿದ್ದೆ. ನೋಂದಣಿಯಾಗಬೇಕಾದರೆ ಅವಳ ಮೊಬೈಲಿಗೆ ಬರುವ ಓಟಿಪಿ ಬೇಕಿತ್ತು. ಅಂದು ಅವಳು ದುಧನಿಯ ದವಾಖಾನೆಯಲ್ಲಿದ್ದಳು, ಮಗಳು ಹೆರಿಗೆಯ ಬೇನೆಯಲ್ಲಿದ್ದಳು. ನಾನೇ ಫೋನು ಮಾಡಿದೆ. ನಿನ್ನ ಪಗಾರದ ಕೆಲಸ ನಿಂತದ, ಒಂದು ನಂಬರು ಬಂದಿರತದ, ಲಗೂ ಹೇಳು ಎಂದೆ. ಅವಳು ಅಲ್ಲಿಯ ಯಾರೋ ಒಬ್ಬರ ಕೈಯಲ್ಲಿ ಓದಿಸಿ ಆರು ಅಂಕಿ ಹೇಳಿದಳು. ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಎಂದೆ. ಹಿಂದೆ ಅವಳ ಮಗಳು ಕೂಗುತ್ತಿದ್ದದ್ದು ನನಗೆ ಕೇಳಿಸಿತು. ಅಂಕಿ ಕೇಳಿಸಲಿಲ್ಲ. ಅವಳು ಮಗಳ ಹತ್ತಿರ ಹೋಗದೆ, ಒಂದೊಂದೇ ಅಂಕಿಯನ್ನು ಕೂಗಿ ಕೂಗಿ ಹೇಳಿದಳು.

ರೇವಮ್ಮ ಕಾಗದಗಳನ್ನು ತರುಣಿಯಿಂದ ತೆಗೆದುಕೊಂಡು ನನ್ನ ಕಡೆ ಚಾಚಿದಳು. ಫೆಬ್ರುವರಿಯ ಆ ದಿನದ ಮೇಲೆ ಮೊದಲ ಸಲ ನನ್ನ ಕಿವಿಯ ಹತ್ತಿರ ಬಂದು ಮಾತಾಡಿದಳು.

'ಅದನ್ನೂ ಬರೀರಿ, ಅಣ್ಣಾರ.'

ಕಟ್ಟೆಯ ಮೇಲೆ ಹಾಳೆ ಇಟ್ಟು ಬರೆದೆ. ಎಂಟು ಸಾಲು ಹಿಡಿಯಿತು. ಅದರ ಕೆಳಗೆ ಮತ್ತೆ ಸಹಿ ಮಾಡಿದೆ. ಅವಳು ಅದನ್ನೂ ಆ ತರುಣಿಯಿಂದ ಓದಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಅರ್ಜಿ ತೆಗೆದುಕೊಂಡಿದ್ದಾರೆ. ವಿಚಾರಣೆಗೆ ಕರೆದಾಗ ಬರಬೇಕೆಂದು ನನಗೆ ಹೇಳಿದ್ದಾರೆ. ಅವಳ ಹಣ ಯಾವಾಗ ಬರುತ್ತದೋ ಗೊತ್ತಿಲ್ಲ. ಹೊರಗೆ ಬಂದು ಅವಳು ವಳಸಂಗದ ಬಸ್ಸಿಗೆ ಹೋದಳು, ನಾನು ನಡೆದುಕೊಂಡು ಮನೆಗೆ ಬಂದೆ.

ನಿನ್ನ ಅಪ್ಪ
ನಾಗೇಶ